ಕಟ್ಟುವ ವಿದ್ಯೆ, ಕಾಯುವ ವಿದ್ಯೆ

ಹಾಲಹರವಿ, ಆದವಾನಿ ಸೀಮೆಯವರಾದ ನಮಗೆ ತುಂಗಭದ್ರಾ ಅಣೆಕಟ್ಟಿನ ಪರಿಚಯ ಮಾಡಿಕೊಡಬೇಕಾದುದಿಲ್ಲ. ಅದರ ಕೆಳಮಟ್ಟದ ಕಾಲುವೆಯು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗಕ್ಕೆ ನೀರುಣಿಸುತ್ತದೆ. 2024ನೆಯ ಆಗಸ್ಟ್ 10ರ ರಾತ್ರಿ, ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒಂದೇ ಸರಪಳಿಯ ದೆಸೆಯಿಂದ ರೈತರೆಲ್ಲರೂ ಆತಂಕಗೊಂಡರು. ಕಟ್ಟುವುದು ಒಂದು ವಿದ್ಯೆ. ಕಟ್ಟಿದುದನ್ನು ಕಾಯುವುದು ಮತ್ತೊಂದು ವಿದ್ಯೆ. ಕಣ್ಣಿಗೆ ಕಾಣದ ಸಾಫ್ಟ್‌ವೇರಿಗೂ ಈ ಮಾತು ಸಲ್ಲುವ ಬಗೆಯನ್ನು ಇಲ್ಲಿ ವಿವರಿಸುವೆವು.

ಸಾಫ್ಟ್‌ವೇರ್ ಎಂದರೆ ಗಣಕಯಂತ್ರಕ್ಕೆ ಬರೆದುಕೊಟ್ಟ ಆಜ್ಞೆಗಳ ಸಮೂಹ. ಹೊಸದಾಗಿ ಹುಟ್ಟಿದ ಕಂಪನಿಗೆ ಹಣವೂ ಕಡಿಮೆ, ಕಾಲವೂ ಕಡಿಮೆ. ಆದುದರಿಂದ ಅದು ಅವಸರದಲ್ಲಿ ಬರೆಯುತ್ತದೆ. ಇದು ದೋಷವಲ್ಲ, ಸಾಲ. 1992ರಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ತಂತ್ರಜ್ಞರು ಇದನ್ನು ಸಾಲಕ್ಕೇ ಹೋಲಿಸಿದರು. ಬಿತ್ತನೆಗೆ ಸಾಲ ತಂದ ರೈತನು ಸುಗ್ಗಿಯಲ್ಲಿ ತೀರಿಸಿದರೆ ಕ್ಷೇಮ; ತೀರಿಸದಿದ್ದರೆ ಬಡ್ಡಿಯೇ ಬೆಳೆಯನ್ನು ನುಂಗುವುದು. ಹಾಗೆಯೇ, ಅವಸರದ ಬರಹವನ್ನು ತಿದ್ದದೆ ಬಿಟ್ಟರೆ ಮುಂದಿನ ಪ್ರತಿಯೊಂದು ಬದಲಾವಣೆಗೂ ಹೆಚ್ಚು ದಿನ ಹಿಡಿಯುತ್ತದೆ. ಅದೇ ಬಡ್ಡಿ.

ಬೆಳವಣಿಗೆಯೇ ಅಪಾಯವನ್ನು ತರುವುದೂ ಉಂಟು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಕಂಪನಿಯು 2014ರ ಅಕ್ಟೋಬರ್ 6ರಂದು ದೊಡ್ಡ ರಿಯಾಯಿತಿ ಮಾರಾಟವನ್ನು ಏರ್ಪಡಿಸಿತು. 20 ಪಟ್ಟು ಜನಸಂದಣಿಗೆ ಸಿದ್ಧತೆಯಾಗಿತ್ತು. ಬಂದವರು ಅದಕ್ಕೂ ಮಿಗಿಲು. ವ್ಯವಸ್ಥೆ ಕುಸಿಯಿತು. ಸಂಸ್ಥಾಪಕರು ಗ್ರಾಹಕರ ಕ್ಷಮೆ ಕೋರಿ ಪತ್ರ ಬರೆದರು.

ಇದಕ್ಕೆ ಪರಿಹಾರವೇನು? ಪ್ರತಿ ಬದಲಾವಣೆಯನ್ನೂ ಮೊದಲು ಪರೀಕ್ಷಿಸಬೇಕು. ಅದನ್ನು ಕೆಲವೇ ಬಳಕೆದಾರರಿಗೆ ಕೊಟ್ಟು ನೋಡಿ, ಕೆಟ್ಟರೆ ಒಡನೆಯೇ ಹಿಂದಿನ ಸ್ಥಿತಿಗೆ ಮರಳುವ ದಾರಿಯನ್ನು ಇಟ್ಟುಕೊಳ್ಳಬೇಕು. ಮಾಹಿತಿಯ ಪ್ರತಿಯನ್ನು ಬೇರೆಡೆ ಕಾಪಾಡಿ, ಅದು ನಿಜವಾಗಿ ಉಪಯೋಗಕ್ಕೆ ಬರುವುದೇ ಎಂದು ಆಗಾಗ ತೆಗೆದು ನೋಡಬೇಕು. ಯಾವ ಭಾಗವೂ ಒಬ್ಬನಿಗೆ ಮಾತ್ರ ತಿಳಿದಿರಬಾರದು. ಅವನು ಕೆಲಸ ಬಿಟ್ಟ ದಿನ ಬೀಗದ ಕೈ ಕಳೆದಂತಾಗುವುದು. ಹೊಸ ಕೆಲಸದ ಜೊತೆಗೆ ದುರಸ್ತಿಗೂ ದಿನಗಳನ್ನು ಮೀಸಲಿಡಬೇಕು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

ವಿದ್ಯಾರ್ಥಿಗಳೇ, ಮತ್ತೊಬ್ಬರು ಓದಿ ತಿದ್ದುವಂತೆ ಸ್ಪಷ್ಟವಾಗಿ ಬರೆಯುವುದೇ ಈ ವಿದ್ಯೆಯ ಮೊದಲ ಪಾಠ. ಅದನ್ನು ಕನ್ನಡ ನೋಟುಪುಸ್ತಕದಲ್ಲಿಯೇ ಕಲಿಯಬಹುದು. ಪೋಷಕರಲ್ಲಿಯೂ ಒಂದು ವಿಜ್ಞಾಪನೆ: ನಾಳೆ ನಿಮ್ಮ ಮಗಳೋ ಮಗನೋ ನಗರದಿಂದ ಬಂದು, "ಹೊಸದೇನನ್ನೂ ಮಾಡಲಿಲ್ಲ, ಹಳೆಯದನ್ನೇ ಸರಿಪಡಿಸಿದೆ" ಎಂದರೆ, ಅದನ್ನು ಸಣ್ಣ ಕೆಲಸವೆಂದು ಭಾವಿಸದಿರಿ. ಸರಪಳಿಯನ್ನು ಸಕಾಲದಲ್ಲಿ ಪರೀಕ್ಷಿಸುವವರಿಗೆ ಯಾರೂ ಹಾರ ಹಾಕುವುದಿಲ್ಲ. ಆದರೂ ನೀರು ನಿಲ್ಲುವುದು ಅವರಿಂದಲೇ.