ಮೇಲೆ ಥಳಕು, ಕೆಳಗೆ? — ಒಂದು ಹಾಯಿದೋಣಿಯ ನೆಲದ ಕಥೆ

ಯಮುನೆಯಾಚೆಯ ಲಕ್ಷ್ಮೀ ನಗರದಲ್ಲಿರುವ ಗೃಹಿಣಿಗೂ ಹಾಯಿದೋಣಿಗೂ ಏನು ಸಂಬಂಧ ಎಂದು ನೀವು ನಗಬಹುದು. ಸಂಬಂಧ ಮರದ್ದು. ಮಳೆಗಾಲ ಬಂತೆಂದರೆ ನಮ್ಮ ಬಚ್ಚಲುಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಮೇ ತಿಂಗಳ ಲೂ ಗಾಳಿಗೆ ಅದೇ ಬಾಗಿಲು ಕುಗ್ಗಿ ಸಂದು ಬಿಡುತ್ತದೆ. ಕಡಿದು ಎಷ್ಟು ವರ್ಷವಾದರೂ ಮರಕ್ಕೆ ನೀರು ಕುಡಿಯುವ ಚಾಳಿ ಹೋಗುವುದಿಲ್ಲ. ಎರಡು ತಿಂಗಳ ತೇವಕ್ಕೇ ಬಾಗಿಲಿನ ಗತಿ ಹೀಗಾದರೆ, ನೀರಿನ ಮೇಲೆಯೇ ಬಾಳುವ ದೋಣಿಯೊಳಗಿನ ಮರದ ನೆಲದ ಗತಿ ಏನು?

ಇದು ನನಗೆ ತಿಳಿದದ್ದು ಅಕ್ಕನ ಮಗನಿಂದ. ಅವನು ಇರುವುದು ಅಮೆರಿಕದ ಅನ್ನಾಪೊಲಿಸ್‌ನಲ್ಲಿ. ಚೆಸಪೀಕ್ ಕೊಲ್ಲಿಯ ದಡದ ಆ ಊರು ಹಾಯಿದೋಣಿಗಳಿಗೆ ಹೆಸರಾದದ್ದು. ಅಲ್ಲಿ ಮೂವತ್ತು ವರ್ಷಕ್ಕೂ ಹಳೆಯದಾದ ಒಂದು ದೋಣಿ ಕೊಂಡ. ಹೊರಮೈ ಫೈಬರ್‌ಗ್ಲಾಸ್, ಒಳಗಿನ ನೆಲ ಮರ. ನೆಲವೇನೋ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆದರೆ ಒಳಗಿಳಿಯುವ ಏಣಿಯ ಬುಡದಲ್ಲಿ ಹಲಗೆ ಕಾಲಿಗೆ ಮೆತ್ತಗೆ ಸಿಕ್ಕಿತು. ಎತ್ತಿ ನೋಡಿದರೆ ಕೆಳಮೈ ಕಪ್ಪಾಗಿ, ಪ್ಲೈವುಡ್ಡಿನ ಪದರಗಳು ಹಳೆಯ ಪುಸ್ತಕದ ಹಾಳೆಗಳಂತೆ ಬಿಚ್ಚಿಕೊಂಡಿದ್ದವು. ಹಿಂದಿನ ಒಡೆಯರು ಮೇಲ್ಮೈಗೆ ಕೋಟಿನ ಮೇಲೆ ಕೋಟು ವಾರ್ನಿಷ್ ಬಳಿದಿದ್ದರು. ಅಂಚಿಗೂ ತಳಕ್ಕೂ ಒಂದು ಹನಿ ಮುಟ್ಟಿಸಿರಲಿಲ್ಲ. ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆಯನ್ನು ನಮ್ಮ ಹಿರಿಯರು ಇಂಥದ್ದನ್ನು ಕಂಡೇ ಹೇಳಿದರೇನೋ!

ಇದು ಬರೀ ಅಂದಚೆಂದದ ಮಾತಲ್ಲ. ದೋಣಿಯೊಳಗೆ ನಾವು ಮೆಟ್ಟುವ ನೆಲಕ್ಕೆ ಇಂಗ್ಲಿಷಿನಲ್ಲಿ ‘ಸೋಲ್’ ಎನ್ನುತ್ತಾರೆ. ‘ಫ್ಲೋರ್’ ಎಂದರೆ ಅದರ ಕೆಳಗೆ ದೋಣಿಯ ತಳಕ್ಕೆ ಬಲ ಕೊಡುವ ಅಡ್ಡಪಟ್ಟಿಗಳು. (ಇಂಗ್ಲಿಷ್ ಓದಿ ಬಿ.ಎ. ಮಾಡಿದ ನನಗೂ ಇದು ಹೊಸ ಪಾಠ!) ಸೋಲ್‌ನ ಅಡಿಯ ತಗ್ಗಿಗೆ ‘ಬಿಲ್ಜ್’ ಎಂದು ಹೆಸರು. ಸೋರಿದ ನೀರು ಬಂದು ನಿಲ್ಲುವುದು ಅಲ್ಲಿ, ಅದನ್ನು ಹೊರಹಾಕುವ ಪಂಪು ಇರುವುದೂ ಅಲ್ಲಿ. ನೀರು ನುಗ್ಗಿದ ಹೊತ್ತಿನಲ್ಲಿ ಹಲಗೆಯನ್ನು ತಟ್ಟನೆ ಎತ್ತಿ ಕೈ ಹಾಕಬೇಕು. ಉಬ್ಬಿ ಕಚ್ಚಿಕೊಂಡ ಹಲಗೆ ಏಳುವುದಿಲ್ಲ. ಕೊಳೆತ ಹಲಗೆಯಾದರೋ, ದೋಣಿ ತೊನೆಯುವಾಗ ಮೆಟ್ಟಿದವರ ಕಾಲು ಮುರಿದೀತು. ಮೇಲೆ ಒಂದು ವಿನೈಲ್ ಹಾಳೆ ಅಂಟಿಸಿಬಿಡು ಎಂದು ಕೆಲವರು ಅವನಿಗೆ ಹೇಳಿದರಂತೆ. ಹಾಗೆ ಮಾಡಿದರೆ ತೇವ ಒಳಗೇ ಸಿಕ್ಕಿಕೊಂಡು ಮರ ಇನ್ನೂ ಬೇಗ ಕೊಳೆಯುತ್ತದೆ.

ಹಾಗಾದರೆ ಸರಿಪಡಿಸುವುದು ಹೇಗೆ? ಹಲಗೆಗಳನ್ನು ಎತ್ತುವಾಗಲೇ ನಂಬರು ಹಾಕಿ, ಯಾವುದು ಎಲ್ಲಿಯದೆಂದು ನಕ್ಷೆ ಬರೆದಿಡಬೇಕು; ಒಂದರ ಜಾಗದಲ್ಲಿ ಇನ್ನೊಂದು ಕೂರದು. ಆಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವುದನ್ನು ನೋಡಿದ್ದೀರಲ್ಲ? ಮರದಲ್ಲಿ ಉಳಿದ ಉಪ್ಪೂ ಹಾಗೆಯೇ ಗಾಳಿಯ ತೇವ ಎಳೆದುಕೊಂಡು, ವಾರ್ನಿಷನ್ನು ಒಳಗಿನಿಂದ ಎಬ್ಬಿಸುತ್ತದೆ. ತೊಳೆದ ಹಲಗೆಯನ್ನು ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಕಪ್ಪು ಕಲೆಗಳಿಗೆ ಆಕ್ಸಾಲಿಕ್ ಆಮ್ಲದ ನೀರು ಹಚ್ಚಿ ತೊಳೆಯುತ್ತಾರೆ. ಕೈಗೆ ಗವಸು ಕಡ್ಡಾಯ.

ಮುಂದಿನದು ಉಜ್ಜುವ ಕೆಲಸ. ಇಂಥ ನೆಲದ ಮೇಲೆ ಸಾಮಾನ್ಯವಾಗಿ ತೇಗದ ಕಂದು ಪಟ್ಟಿಗಳು, ನಡುನಡುವೆ ಹಾಲಿ ಎಂಬ ಮರದ ಬಿಳಿ ಗೆರೆಗಳು. ಎಷ್ಟೋ ದೋಣಿಗಳಲ್ಲಿ ಆ ಪದರದ ದಪ್ಪ 1 ಮಿಲಿಮೀಟರಿಗೂ ಕಡಿಮೆ. ಯಂತ್ರ ಇಟ್ಟು ಆತುರಪಟ್ಟರೆ ತೇಗ ಮಾಯವಾಗಿ ಪ್ಲೈವುಡ್ ಹಲ್ಲು ಕಿರಿಯುತ್ತದೆ! ಆದ್ದರಿಂದ 120, 180, 220 ನಂಬರಿನ ಕಾಗದಗಳಿಂದ ಕೈಯಲ್ಲೇ, ಮರದ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಸರಿಯಾದ ಮಾಸ್ಕ್ ಬೇಕು. ತೇಗದಲ್ಲಿ ಸಹಜವಾದ ಎಣ್ಣೆಯಂಶವಿರುವುದರಿಂದ ಅಸಿಟೋನ್‌ನಲ್ಲಿ ಒರೆಸಿದ ಮೇಲೆಯೇ ವಾರ್ನಿಷ್. ಮೊದಲ ಕೋಟು ತೆಳುವಾಗಿರಲಿ, ಮರ ಅದನ್ನು ಕುಡಿಯಲಿ. ಎಲ್ಲಕ್ಕಿಂತ ಹೆಚ್ಚು ಬಾಯಾರಿರುವುದು ಹಲಗೆಯ ಅಂಚು; ಎಳೆಗಳ ತುದಿ ತೆರೆದಿರುವುದು ಅಲ್ಲೇ. ಅಂಚಿಗೆ, ತಳಕ್ಕೆ, ತಿರುಪಿನ ತೂತಿನ ಒಳಗೆ ಕೂಡ ಮೂರು ನಾಲ್ಕು ಸಲ ಹಚ್ಚಬೇಕು. ಮೇಲಿನ ಕೊನೆಯ ಕೋಟು ಮಾತ್ರ ಮಿರಮಿರ ಮಿಂಚಬಾರದು, ಒದ್ದೆಗಾಲು ಜಾರುತ್ತದೆ.

ಅವನ ಹದಿನಾರರ ಮಗಳು ವಾರಾಂತ್ಯವೆಲ್ಲ ಅಪ್ಪನ ಜೊತೆ ಉಜ್ಜಿದಳು. ಒಮ್ಮೆ ಫೋನಿನಲ್ಲಿ ಗೊಣಗಿದಳು: “ಚಿಕ್ಕಜ್ಜಿ, ಮೇಲೆ ಆರು ಕೋಟು ಸರಿ. ಕೆಳಗಡೆ ಯಾರು ನೋಡ್ತಾರೆ?” “ನೀರು ನೋಡತ್ತೆ, ಪುಟ್ಟಿ” ಎಂದೆ. ಏಣಿಯ ಬುಡದ ಹಲಗೆಯನ್ನು ಹೊಸದಾಗಿ ಕತ್ತರಿಸಬೇಕಾಯಿತು, ಉಳಿದವೆಲ್ಲ ಬದುಕಿಕೊಂಡವು.

ನಮ್ಮ ಕರಾವಳಿಗೆ ಈ ಪಾಠ ಹಳೆಯದು. ಅಲ್ಲಿ ಮರದ ದೋಣಿಗಳಿಗೆ ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತ ಬಂದಿದ್ದಾರೆ. ಈಚಿನ ಉದಾಹರಣೆಯೂ ಇದೆ. 2025ರ ಮೇ 21ರಂದು ಕಾರವಾರದಲ್ಲಿ ನಮ್ಮ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಎಂಬ ಹಾಯಿಹಡಗು, ಅಜಂತಾದ ಗುಹಾಚಿತ್ರದಲ್ಲಿರುವ ನೌಕೆಯ ಮಾದರಿಯದು. ಗೋವೆಯಲ್ಲಿ ಕೇರಳದ ಕುಶಲಕರ್ಮಿಗಳು ಕಟ್ಟಿದ್ದು. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಸಂದಿಗೆ ಮರದ ರಾಳ. ಹಾಯಿಯ ಮೇಲೆ ನಮ್ಮ ಕರ್ನಾಟಕದ ಲಾಂಛನವಾದ ಗಂಡಭೇರುಂಡ! ಆ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು. ನೋಡುವವರ ಕಣ್ಣಿಗೆ ಬೀಳುವುದು ಗಂಡಭೇರುಂಡ. ಹಡಗನ್ನು ತೇಲಿಸಿದ್ದು ಯಾರ ಕಣ್ಣಿಗೂ ಬೀಳದ ಹೊಲಿಗೆ ಮತ್ತು ರಾಳ.

ನಿಮಗೆ ದೋಣಿ ಎಲ್ಲಿಂದ ತರಲಿ? ಬೇಡ. ನಿಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಮಣೆಯೊಂದು ಅಟ್ಟದ ಮೇಲೋ ಮಂಚದ ಕೆಳಗೋ ಇದ್ದೇ ಇರುತ್ತದೆ. ತಿರುವಿ ಹಾಕಿ ನೋಡಿ. ಲಕ್ಷ್ಮೀ ನಗರದ ಅಂಗಡಿಯಲ್ಲಿ ‘ರೇಗ್‌ಮಾಲ್’ ಎಂದು ಕೇಳಿ, ಮನೆಗೆ ತಂದು ‘ಉಪ್ಪು ಕಾಗದ’ ಎಂದು ಕರೆಯಿರಿ. ‘ಸಾಗ್ವಾನ್’ ನಮ್ಮ ತೇಗ. ಇಂಗ್ಲಿಷಿನ ‘ಟೀಕ್’ ಕೂಡ ಮಲಯಾಳದ ‘ತೇಕ್ಕು’ವಿನಿಂದ, ಪೋರ್ಚುಗೀಸರ ಬಾಯಿ ದಾಟಿ ಹೋದದ್ದು. ಅಗಸೆ ಎಣ್ಣೆ ಹಚ್ಚುವುದಾದರೆ ಒಂದು ಎಚ್ಚರಿಕೆ: ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಲ್ಲದು, ನೀರಿನಲ್ಲಿ ನೆನೆಸಿಡಿ.

ಮತ್ತೆ, ತಳದಿಂದಲೇ ಶುರು ಮಾಡಿ. ಮುಂದಿನ ಹಬ್ಬಕ್ಕೆ ಅದೇ ಮಣೆ ಹಾಕಿ ಅಮ್ಮನನ್ನು ಊಟಕ್ಕೆ ಕೂರಿಸಿ.