ಹಸಿರೆಲ್ಲ ಹುಲ್ಲುಗಾವಲಲ್ಲ

1919ರ ಜೂನ್ 15ರ ಬೆಳಿಗ್ಗೆ ಜಾನ್ ಆಲ್ಕಾಕ್ ಮತ್ತು ಆರ್ಥರ್ ಬ್ರೌನ್ ಐರ್ಲೆಂಡಿನ ಪಶ್ಚಿಮ ಅಂಚಿಗೆ ಬಂದು ತಲುಪಿದರು. ಅಟ್ಲಾಂಟಿಕ್ ಸಾಗರವನ್ನು ನಡುವೆ ಎಲ್ಲೂ ಇಳಿಯದೆ ದಾಟಿದ ಮೊದಲ ವಿಮಾನ ಅವರದು. ಕ್ಲಿಫ್ಡನ್ ಊರಿನ ಹತ್ತಿರ, ಮಾರ್ಕೋನಿಯ ನಿಸ್ತಂತು ಕೇಂದ್ರದ ಪಕ್ಕ, ಸಮತಟ್ಟಾದ ಹಸಿರು ಬಯಲು ಕಂಡಿತು, ಇಳಿಸಿದರು. ಚಕ್ರ ಹೂತು ವಿಮಾನದ ಮೂತಿ ಕೆಸರಿಗೆ ನೆಟ್ಟಿತು. ಹುಲ್ಲುಗಾವಲು ಅಂದುಕೊಂಡದ್ದು ಡೆರಿಗಿಮ್ಲಾ ಎಂಬ ಜೌಗು ನೆಲವಾಗಿತ್ತು. ಪುಣ್ಯಕ್ಕೆ ಇಬ್ಬರೂ ಉಳಿದರು.

ಅದೇ ಹಸಿರು ಇವತ್ತಿಗೂ ಬಾಡಿಗೆ ಕಾರಿನ ಡಿಕ್ಕಿಯಲ್ಲಿ ಟೆಂಟ್ ಹಾಕಿಕೊಂಡು ಬರುವವರನ್ನು ಏಮಾರಿಸುತ್ತದೆ. ಕಾರ್ಕ್ ಕೌಂಟಿಯ ಕಿನ್ಸೇಲ್‌ನಿಂದ ಡೊನೆಗಾಲ್‌ನ ಮಾಲಿನ್ ಹೆಡ್ ಕಡೆಗೆ ಸುಮಾರು 2,500 ಕಿಲೋಮೀಟರ್ ಉದ್ದಕ್ಕೂ ಕಡಲಂಚಿನಲ್ಲೇ ಸಾಗುವ ದಾರಿಗೆ 2014ರಲ್ಲಿ ವೈಲ್ಡ್ ಅಟ್ಲಾಂಟಿಕ್ ವೇ ಎಂದು ಹೆಸರಿಟ್ಟರು. ನಾನು ಅದರ ಒಂದು ಭಾಗವನ್ನು ಮೇ ತಿಂಗಳಲ್ಲಿ ಒಬ್ಬಳೇ ಸುತ್ತಿದೆ. ಹೊರಡುವ ಮುಂಚೆ ನನ್ನ ತಲೆಯಲ್ಲಿದ್ದ ಭಯಗಳು ಚಳಿ, ಎತ್ತರದ ಬಂಡೆ ಮತ್ತು ಅಪರಿಚಿತರು. ಆ ಕರಾವಳಿಯಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಸೌಮ್ಯವಾಗಿ ಕಾಣುವುದರ ಮುಂದೆ.

ಮೊದಲು ನೆಲದ ಮಾತು. ಜೌಗಿನ ಪೀಟ್ ಮಣ್ಣಿನ ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ. ಟೆಂಟಿನ ಗೂಟ ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯುತ್ತದೆ, ಗಾಳಿ ಬಂದರೆ ಅಷ್ಟೇ ಸಲೀಸಾಗಿ ಕಿತ್ತು ಬರುತ್ತದೆ. ಗುರುತಿಸುವುದು ಸುಲಭ: ಹುಲ್ಲಿನ ತುದಿಯಲ್ಲಿ ಬಿಳಿ ಹತ್ತಿಯ ಕುಚ್ಚುಗಳು ತೂಗುತ್ತಿದ್ದರೆ ಅಲ್ಲಿ ಕಾಲಿಡಬೇಡಿ, ಕಾರನ್ನಂತೂ ಇಳಿಸಲೇಬೇಡಿ.

ಗಟ್ಟಿ ನೆಲ ಸಿಕ್ಕರೆ ಟೆಂಟ್ ಹೊಡೆಯಬಹುದೇ? "ಯುರೋಪಲ್ಲಿ ಎಲ್ಲಿ ಬೇಕಾದರೂ ಮಲಗಬಹುದಂತೆ" ಅನ್ನುವ ಮಾತು ನಮ್ಮವರಲ್ಲಿ ಓಡಾಡುತ್ತಿದೆ. ಇದು ಸ್ಕಾಟ್ಲೆಂಡಿನಿಂದ ಬಂದ ಗೊಂದಲ. ಅಲ್ಲಿ 2003ರ ಕಾಯ್ದೆ ಜವಾಬ್ದಾರಿಯಿಂದ ಟೆಂಟ್ ಹಾಕುವ ಹಕ್ಕು ಕೊಟ್ಟಿದೆ. ಐರ್ಲೆಂಡಿನಲ್ಲಿ ಅಂಥ ಸಾರ್ವತ್ರಿಕ ಹಕ್ಕು ಇಲ್ಲ. ಗುಡ್ಡ ಖಾಲಿ ಕಂಡರೂ ಅದಕ್ಕೆ ಯಜಮಾನರಿದ್ದಾರೆ, ಅವರ ಕುರಿಗಳಿವೆ. ಕ್ಯಾಂಪಿಂಗ್ ತಾಣಕ್ಕೆ ಹೋಗಬೇಕು, ಇಲ್ಲವೇ ರೈತರ ಮನೆ ಬಾಗಿಲು ತಟ್ಟಿ ಕೇಳಬೇಕು. ನಾನು ಒಮ್ಮೆ ಕೇಳಿದಾಗ ಮನೆಯ ಹಿರಿಯರು ಆ ಹೊಲ ಬೇಡ ಅಂದರು. ಕಲ್ಲುಗೋಡೆಯ ಮರೆಯಲ್ಲಿ ಗಾಳಿ ತಾಗದ ಜಾಗವನ್ನು ತಾವೇ ನಡೆದು ಬಂದು ತೋರಿಸಿದರು. ಕೇಳದೇ ಹೋಗಿದ್ದರೆ ಆ ಜಾಗ ನನಗೆ ಹೊಳೆಯುತ್ತಲೇ ಇರಲಿಲ್ಲ. ಸಮುದ್ರದ ಪಕ್ಕದ ಮೆತ್ತನೆಯ ಹೂಬಯಲುಗಳನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಚಿಪ್ಪಿನ ಪುಡಿ ಗಾಳಿಗೆ ಹಾರಿಬಂದು ಕೂತು ಆದ ಈ ಮಾಚೇರ್ ನೆಲ ಪಶ್ಚಿಮ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಟಯರಿನ ಒಂದು ಗೀರು ಸಾಕು, ಗಾಳಿ ಅಲ್ಲಿಂದಲೇ ಮರಳನ್ನು ಕೆದರತೊಡಗುತ್ತದೆ.

ರಸ್ತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಹಾಗೇ ಎಡಗಡೆ ಓಡಿಸುವ ದೇಶ. ಆದರೆ 2,500 ಕಿಲೋಮೀಟರನ್ನು ಐದು ದಿನದಲ್ಲಿ ಮುಗಿಸುತ್ತೇನೆ ಅನ್ನುವ ಲೆಕ್ಕ ಹಾಳೆಯ ಮೇಲಷ್ಟೇ ಕೂಡುತ್ತದೆ. ನಡುವೆ ಹುಲ್ಲು ಬೆಳೆದ ಒಂಟಿ ಕಾರಿನ ದಾರಿಗಳಿವು. 2025ರ ಫೆಬ್ರವರಿಯಿಂದ ಗ್ರಾಮೀಣ ಸ್ಥಳೀಯ ರಸ್ತೆಗಳ ವೇಗಮಿತಿಯನ್ನು 80ರಿಂದ 60ಕ್ಕೆ ಇಳಿಸಿದ್ದಾರೆ. ಇನ್ನೊಂದು ತಪ್ಪು ದುಬಾರಿಯಾದೀತು. ಮಾಲಿನ್ ಹೆಡ್ ಇಡೀ ದ್ವೀಪದ ಉತ್ತರ ತುದಿಯಲ್ಲಿದ್ದರೂ ಉತ್ತರ ಐರ್ಲೆಂಡಿಗೆ ಸೇರಿದ್ದಲ್ಲ, ಗಣರಾಜ್ಯದ್ದೇ. ಅಲ್ಲಿಂದ ದಕ್ಷಿಣಕ್ಕೆ ಡೆರಿ ಕಡೆ ಹೊರಳಿದರೆ ಚೆಕ್‌ಪೋಸ್ಟ್ ಇಲ್ಲದೆಯೇ ಯುನೈಟೆಡ್ ಕಿಂಗ್‌ಡಮ್ಮಿನೊಳಗೆ ಬಂದಿರುತ್ತೀರಿ, ವೀಸಾದ ನಿಯಮ ಮಾತ್ರ ಬೇರೆ. ಷೆಂಗೆನ್ ವೀಸಾ ಎರಡೂ ಕಡೆ ನಡೆಯುವುದಿಲ್ಲ.

"ಆಗುಂಬೆ ಮಳೆ ಕಂಡವಳಿಗೆ ಇದೇನು ಮಹಾ" ಎಂದು ನಾನೂ ಅಂದುಕೊಂಡಿದ್ದೆ. ಪ್ರಮಾಣ ನೋಡಿದರೆ ಮಾತು ಸರಿ. ಐರ್ಲೆಂಡಿನ ಪಶ್ಚಿಮದ ಬಹುಭಾಗದಲ್ಲಿ ವರ್ಷಕ್ಕೆ 1,000ದಿಂದ 1,400 ಮಿಲಿಮೀಟರ್. ಮಂಗಳೂರಲ್ಲೇ 3,000 ದಾಟುತ್ತದೆ. ಆದರೆ ಐರ್ಲೆಂಡಿನ ಪಶ್ಚಿಮದ ಕೆಲವು ಕಡೆ ವರ್ಷದ 225 ದಿನ ಮಳೆ. ಧೋ ಎಂದು ಸುರಿದು ಬಿಡುವ ಮಳೆಯಲ್ಲ, ಗಾಳಿಯ ಜೊತೆ ಅಡ್ಡಡ್ಡ ಬರುವ ಸೋನೆ. ಬೆಳಿಗ್ಗೆ ಟೆಂಟಿನ ಒಳಬಟ್ಟೆ ಒದ್ದೆಯಾಗಿದ್ದರೆ ಸೋರಿದೆ ಅಂದುಕೊಳ್ಳುತ್ತೇವೆ. ಬಹಳ ಸಲ ಅದು ನಮ್ಮದೇ ಉಸಿರು, ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟಿದ್ದು. ಗಾಳಿಕಿಂಡಿ ತೆರೆದಿಟ್ಟರೆ ಕಡಿಮೆಯಾಗುತ್ತದೆ. ನಾವು ಮಾಡುವುದು ತಿರುಗಾಮುರುಗಾ: ಚಳಿಗೆ ಕಿಂಡಿ ಮುಚ್ಚುತ್ತೇವೆ, ಆಮೇಲೆ ಒಳಗೇ ಒಂದು ಲೋಟ ಚಹಾ ಕಾಯಿಸಿಕೊಳ್ಳೋಣ ಅನ್ನಿಸುತ್ತದೆ.

ಈ ಚಹಾದ ಆಸೆಯೇ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆಯ ವಿಷಯ. ಬೆಂಕಿಗೆ ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ದಿನವಿಡೀ ಕಾರು ಓಡಿಸಿದ ಸುಸ್ತು ಇರಬೇಕು ಅನ್ನಿಸುತ್ತದೆ. "ಜಿಪ್ ಸ್ವಲ್ಪ ತೆರೆದಿದೆ" ಅನ್ನುವುದೂ, "ಬಾರ್ಬೆಕ್ಯೂ ಆರಿದೆ, ಬರೀ ಕಾವಿಗೆ ಒಳಗಿಟ್ಟೆ" ಅನ್ನುವುದೂ ಜೀವ ತೆಗೆಯುವ ನಂಬಿಕೆಗಳು. ಬೂದಿ ಮುಚ್ಚಿದ ಕೆಂಡವೂ ಗಂಟೆಗಟ್ಟಲೆ ಆ ಅನಿಲ ಬಿಡುತ್ತದೆ. ಜೊತೆಗೆ ಯಾರಾದರೂ ಇದ್ದರೆ ಎಬ್ಬಿಸಿಯಾರು, ಒಂಟಿಯಾಗಿದ್ದರೆ ಎಬ್ಬಿಸುವವರು ಯಾರು? ಒಲೆ ಹೊರಗೇ ಇರಲಿ. ಮಳೆಗೆ ಹೊರಗೆ ಒಲೆ ಹಚ್ಚಲಾಗದ ರಾತ್ರಿ ಬ್ರೆಡ್ಡು ತಿಂದು ಮಲಗಿ.

ಇನ್ನು ಕಡಲು. ಮೋಹರ್ ಬಂಡೆಗಳು ಎಲ್ಲಕ್ಕಿಂತ ಎತ್ತರ ಅನ್ನುವುದು ತಪ್ಪು. ಅವು 214 ಮೀಟರ್, ಡೊನೆಗಾಲ್‌ನ ಸ್ಲೀವ್ ಲೀಗ್ 601. ಎತ್ತರ ಕಂಡರೆ ಯಾರಾದರೂ ಹಿಂದೆ ಸರಿಯುತ್ತಾರೆ. ಆದರೆ ಕೆಳಗಿನ ಚಪ್ಪಟೆ ಬಂಡೆಯ ಮೇಲೆ, ಗಾಳಿಯಿಲ್ಲದ ಬಿಸಿಲಲ್ಲಿ, ಕಡಲಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಅಲೆ ಎಬ್ಬಿಸಿದ ಬಿರುಗಾಳಿ ಸಾವಿರಾರು ಕಿಲೋಮೀಟರ್ ಆಚೆಯದಾಗಿರಬಹುದು. ಹಲವು ನಿಮಿಷ ಸುಮ್ಮನಿದ್ದು ಆಮೇಲೆ ದೊಡ್ಡ ಅಲೆಗಳ ಒಂದು ಸಾಲು ಬರುತ್ತದೆ. ಬಂಡೆ ಒದ್ದೆ ಇದ್ದರೆ ಅಲೆ ಅಲ್ಲಿಯವರೆಗೆ ಬಂದಿತ್ತು ಎಂದೇ ತಿಳಿಯಬೇಕು.

ಕ್ಲಿಫ್ಡನ್‌ನಿಂದ ಸ್ವಲ್ಪ ದೂರದ ಕ್ಲಾಡಡಫ್‌ನಲ್ಲಿ ಓಮಿ ಎಂಬ ದ್ವೀಪವಿದೆ. ಇಳಿತದ ಹೊತ್ತಿನಲ್ಲಿ ಗೂಟಗಳ ಗುರುತು ಹಿಡಿದು ಮರಳ ಮೇಲೇ ಕಾರಿನಲ್ಲಿ ಹೋಗಬಹುದು. ನಮ್ಮ ಕರಾವಳಿಯಲ್ಲಿ ನೀರಿನ ಏರಿಳಿತ ಒಂದೂವರೆ, ಎರಡು ಮೀಟರ್. ಅಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನಾಲ್ಕು. ಉಬ್ಬರ ಆರು ಗಂಟೆಯೂ ಒಂದೇ ಸಮನೆ ಏರುವುದಿಲ್ಲ. ಮೊದಲ ಗಂಟೆಯಲ್ಲಿ ಹನ್ನೆರಡರಲ್ಲಿ ಒಂದು ಪಾಲು, ನಡುವಿನ ಎರಡು ಗಂಟೆಯಲ್ಲೇ ಅರ್ಧ. "ನೀರು ಬರುವುದು ಕಂಡಾಗ ಹೊರಟರಾಯಿತು" ಅನ್ನುವವರು ಸಿಕ್ಕಿಕೊಳ್ಳುವುದು ಇಲ್ಲೇ. ಓಮಿಯಲ್ಲಿ ನೀರು ಎದುರಿನಿಂದ ಬರಲಿಲ್ಲ. ದಡದಲ್ಲಿ ನಿಂತು ನೋಡುತ್ತಿದ್ದೆ: ಮರಳಿನ ಸುಕ್ಕುಗಳ ನಡುವೆ ಬೆರಳಗಲದ ಹೊಳಪು ಕಾಣಿಸಿತು, ಮತ್ತೊಂದು ಬದಿಯಿಂದಲೂ ಅಂಥದ್ದೇ ಹೊಳಪು, ದ್ವೀಪವನ್ನು ಬಳಸಿ ಬಂದ ಎರಡು ನಾಲಿಗೆಗಳು ನಡುವೆ ಸೇರಿದವು. ನಾನು ಕಾರನ್ನು ಈಚೆಯೇ ಬಿಟ್ಟಿದ್ದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆಯ ವೇಳೆ ಇವತ್ತಿಗೆ ಆಗದು. ಆ ದಿನದ ಪಟ್ಟಿಯನ್ನೇ ನೋಡಬೇಕು. ತೊಂದರೆಯಾದರೆ 112ಕ್ಕೆ ಕರೆ ಮಾಡಿ ಕೋಸ್ಟ್ ಗಾರ್ಡ್ ಬೇಕು ಎಂದು ಕೇಳಿ. ಯಾವ ಕಂಪನಿಯ ಸಿಗ್ನಲ್ ಇದ್ದರೂ ಆ ಕರೆ ಹೋಗುತ್ತದೆ. ಯಾವ ಸಿಗ್ನಲ್ಲೂ ಇಲ್ಲದ ಕೊಲ್ಲಿಗಳು ಆ ದಾರಿಯಲ್ಲಿ ಬೇಕಾದಷ್ಟಿವೆ, ಆದ್ದರಿಂದ ರಾತ್ರಿ ಎಲ್ಲಿ ತಂಗುತ್ತೀರೆಂದು ಬೆಳಿಗ್ಗೆಯೇ ಮನೆಗೆ ತಿಳಿಸಿ ಹೊರಡಿ.