ಒಲೆಯ ಮೇಲಿನ ಅಟ್ಟ ಮತ್ತು ಪುಟ್ಟ ಮದರ್‌ಬೋರ್ಡ್

ಸಕಲೇಶಪುರದ ಕಡೆ ಮಳೆಗಾಲ ಕೂತಿತೆಂದು ಮೊದಲು ಹೇಳುವುದು ಅಡುಗೆಮನೆಯ ಉಪ್ಪಿನ ಭರಣಿ. ಜೂನ್ ಕಳೆಯುವಷ್ಟರಲ್ಲಿ ಪುಡಿಯುಪ್ಪು ಗಟ್ಟಿಕಟ್ಟುತ್ತದೆ, ಆಮೇಲೆ ಒಸರುತ್ತದೆ, ಕೊನೆಗೆ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಹೆತ್ತೂರು, ಯಸಳೂರು, ಹಾನಬಾಳು ಕಡೆ ಜುಲೈ ತಿಂಗಳಲ್ಲಿ ಅದು 90ರ ಮೇಲಿರುವ ದಿನಗಳೇ ಹೆಚ್ಚು. ಪೂರ್ವಕ್ಕೆ ಆಲೂರು ದಾಟುತ್ತ ಹೋದಂತೆ ಮಳೆ ಇಳಿಯುತ್ತದೆ. ಥಂಡಿ ಮಾತ್ರ ಅಷ್ಟು ಬೇಗ ಬಿಡುವುದಿಲ್ಲ.

ಇಂಥ ಊರಿನ ಮನೆಗೆ ನಮ್ಮಣ್ಣನ ಮಗ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟ. ಬೆಂಗಳೂರಿನ ಪಿ.ಜಿ. ಕೋಣೆಯ ಮೇಜಿನ ಮೇಲೆ ಹಿಡಿಸಬೇಕು, ರಜೆಗೆ ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುವಂತಿರಬೇಕು. "ಚಿಕ್ಕಪ್ಪ, ಮದರ್‌ಬೋರ್ಡ್ ಯಾವುದು ತಗೊಳ್ಳಲಿ?" ಎಂದ. ಎಸ್.ಪಿ. ರೋಡಿನ ಅಂಗಡಿಯಲ್ಲಿ ಕೇಳಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅದರಲ್ಲಿ ಮಳೆಯ ಲೆಕ್ಕ ಇರುವುದಿಲ್ಲ.

ಒಂದು ಗೇಣಿನೊಳಗೆ ಒಂದು ಊರು

ಮದರ್‌ಬೋರ್ಡುಗಳ ಅಳತೆಗೆ ಕಟ್ಟುಪಾಡುಗಳಿವೆ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಬೋರ್ಡು 30.5 ಸೆಂಟಿಮೀಟರ್ ಉದ್ದ, 24.4 ಅಗಲ. ಮೈಕ್ರೋ ಎಟಿಎಕ್ಸ್ ಎರಡೂ ಕಡೆ 24.4. ತೈವಾನಿನ ವಯಾ ಕಂಪನಿ 2001ರಲ್ಲಿ ತಂದ ಮಿನಿ ಐಟಿಎಕ್ಸ್ ಎರಡೂ ಕಡೆ ಬರೀ 17, ಒಂದು ಗೇಣಿಗಿಂತ ಕಡಿಮೆ. ವಿಸ್ತೀರ್ಣದಲ್ಲಿ ಅದು ಎಟಿಎಕ್ಸ್‌ನ ಐದರಲ್ಲಿ ಎರಡು ಪಾಲೂ ಆಗದು.

ಹೀಗೆ ಕುಗ್ಗಿಸಿದಾಗ ಕಳೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ರ‍್ಯಾಮ್‌ಗೆ ನಾಲ್ಕರ ಬದಲು ಎರಡೇ ಗೂಡು, ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಸ್ಲಾಟ್. ಎರಡನೆಯ ಎಸ್ಎಸ್‌ಡಿಗೆ ಎಷ್ಟೋ ಬೋರ್ಡುಗಳಲ್ಲಿ ಬೆನ್ನ ಹಿಂದೆ, ಗಾಳಿಯಾಡದ ಕಡೆ ಜಾಗ. ಕಾಣದ ಸಂಗತಿಯೂ ಒಂದಿದೆ. ಎಲ್ಲ ತಂತಿದಾರಿಗಳನ್ನೂ ಇಷ್ಟರೊಳಗೆ ಹಾಯಿಸಬೇಕಾದ್ದರಿಂದ ಬೋರ್ಡಿನೊಳಗೆ ತಾಮ್ರದ ಪದರಗಳು ಹೆಚ್ಚಾಗುತ್ತವೆ. ಚಿಕ್ಕ ಬೋರ್ಡಿಗೆ ದೊಡ್ಡದಕ್ಕಿಂತ ಹೆಚ್ಚು ಬೆಲೆ ಬೀಳಲು ಇದೂ ಒಂದು ಕಾರಣ. ಆದ್ದರಿಂದ ಪೆಟ್ಟಿಗೆ ಮೇಜು ಬಿಟ್ಟು ಕದಲುವುದಿಲ್ಲ ಎನ್ನುವವರಿಗೆ ಮೈಕ್ರೋ ಎಟಿಎಕ್ಸ್ ಸಾಕು, ದುಡ್ಡೂ ಉಳಿಯುತ್ತದೆ. ಹೊತ್ತು ತಿರುಗುವವರಿಗೆ ಐಟಿಎಕ್ಸ್.

ತೋಟದವರಿಗೆ ಗೊತ್ತಿರುವ ಫೇಸು

ಬೋರ್ಡನ್ನು ಕೈಯಲ್ಲಿ ಹಿಡಿದು ಪ್ರೊಸೆಸರ್ ಕೂರುವ ಸಾಕೆಟ್ಟಿನ ಸುತ್ತ ನೋಡಿ. ಬೂದು ಬಣ್ಣದ ಚೌಕ ಬಿಲ್ಲೆಗಳು ಸಾಲಾಗಿ ನಿಂತಿರುತ್ತವೆ. ಅವು ಚೋಕ್‌ಗಳು, ಸಾಮಾನ್ಯವಾಗಿ ಫೇಸಿಗೆ ಒಂದರಂತೆ. ಪವರ್ ಸಪ್ಲೈಯಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವುದು ಇವುಗಳ ಮತ್ತು ಪಕ್ಕದ ಸ್ವಿಚ್ಚುಗಳ ಕೆಲಸ. ಒಂದರ್ಥದಲ್ಲಿ ಬೋರ್ಡಿನ ಟ್ರಾನ್ಸ್‌ಫಾರ್ಮರ್ ಇದೇ.

ವೋಲ್ಟು ಇಳಿದರೆ ಆಂಪಿಯರ್ ಏರಲೇಬೇಕು. ಎ.ಎಂ.ಡಿ.ಯ ರೈಜೆನ್ 5 7600 ಪ್ರೊಸೆಸರ್ ಎಳೆಯಬಹುದಾದ ಗರಿಷ್ಠ ವಿದ್ಯುತ್ತು 88 ವಾಟ್. ಅದಷ್ಟೂ 1.1 ವೋಲ್ಟಿನಲ್ಲಿ ಹರಿಯುತ್ತದೆಂದು ಲೆಕ್ಕ ಹಾಕಿದರೆ 80 ಆಂಪಿಯರ್! ತೋಟದ ಐದು ಎಚ್‌ಪಿ ಪಂಪ್‌ಸೆಟ್ ಫೇಸಿಗೆ ಎಳೆಯುವುದು ಏಳೆಂಟು ಆಂಪಿಯರ್ ಅಷ್ಟೆ. ತಂತಿಯಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎಂಬತ್ತನ್ನೂ ಒಂದೇ ದಾರಿಯಲ್ಲಿ ಬಿಟ್ಟರೆ 80ರ ವರ್ಗ 6400. ಎಂಟು ಫೇಸುಗಳಿಗೆ ಹತ್ತು ಹತ್ತರಂತೆ ಹಂಚಿದರೆ ಒಂದೊಂದರದು 100, ಒಟ್ಟು 800. ಅಂದರೆ ಶಾಖ ಎಂಟನೆಯ ಒಂದು ಪಾಲಿಗೆ ಇಳಿಯಿತು. ಪಂಪ್‌ಸೆಟ್ಟಿನ ತ್ರೀ ಫೇಸಿನಂತೆ ಇವೂ ಒಂದರ ಹಿಂದೊಂದು ಸರದಿಯಲ್ಲಿ ದುಡಿಯುತ್ತವೆ.

ಹಾಗೆಂದು ಪೆಟ್ಟಿಗೆಯ ಮೇಲೆ ಅಚ್ಚಾದ ದೊಡ್ಡ ಅಂಕಿಗೆ ಮರುಳಾಗಬೇಕಿಲ್ಲ. 65 ವಾಟ್ ದರ್ಜೆಯ ಪ್ರೊಸೆಸರಿಗೆ ಆರರಿಂದ ಎಂಟು ಒಳ್ಳೆಯ ಫೇಸು ಧಾರಾಳ. ಎಣಿಕೆಗಿಂತ ಮುಖ್ಯವಾದವು ಎರಡು: ಒಂದೊಂದು ಫೇಸು ತಾಳುವ ಆಂಪಿಯರ್ ಎಷ್ಟು, ಅದರ ಮೇಲೆ ಕೂತ ಲೋಹದ ಹೀಟ್‌ಸಿಂಕ್ ನಿಜವಾಗಿಯೂ ಗಟ್ಟಿಯೋ ಅಥವಾ ಬರೀ ಅಲಂಕಾರದ ತಗಡೋ.

ಈ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು. ಕಲಬುರಗಿಯ ಮೇ ತಿಂಗಳಲ್ಲಿ 40 ಡಿಗ್ರಿ ಗಾಳಿ ನುಂಗುವ ಫ್ಯಾನು ನಮ್ಮಲ್ಲಿ ಜುಲೈಯಲ್ಲಿ 21 ಡಿಗ್ರಿಯ ಗಾಳಿ ನುಂಗುತ್ತದೆ. ಹೊರಗಾಳಿ ಎಷ್ಟು ಡಿಗ್ರಿ ತಂಪೋ ಒಳಗಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಕೆಪಾಸಿಟರುಗಳ ಆಯಸ್ಸು ಹತ್ತು ಡಿಗ್ರಿ ಇಳಿದಾಗಲೆಲ್ಲ ಸುಮಾರು ಇಮ್ಮಡಿಯಾಗುತ್ತದೆಂಬುದು ಎಂಜಿನಿಯರುಗಳ ಕೈಲೆಕ್ಕ.

ಓಡುವುದು ಒಣಗಿರುತ್ತದೆ

ಇನ್ನು ತೇವ. ಈಗಲೂ ಸೌದೆ ಒಲೆ ಇರುವ ಮನೆಗಳಲ್ಲಿ ಒಲೆಯ ಮೇಲೊಂದು ಅಟ್ಟ ಇರುತ್ತದೆ. ಮಳೆಗಾಲದಲ್ಲಿ ಕೆಡಬಾರದ್ದೆಲ್ಲ ಅಲ್ಲಿಗೆ ಏರುತ್ತದೆ. ಅಲ್ಲಿ ಗಾಳಿ ಬೇರೆಯದಲ್ಲ, ನೀರಿನ ಆವಿಯೂ ಕಡಿಮೆಯಲ್ಲ, ಬೆಚ್ಚಗಿದೆ, ಅಷ್ಟೇ. ಆದರೆ ಬೆಚ್ಚನೆಯ ಗಾಳಿಗೆ ಹೊಟ್ಟೆ ದೊಡ್ಡದು. 21 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲದ್ದು ಸುಮಾರು 18 ಗ್ರಾಂ ಆವಿ; 36 ಡಿಗ್ರಿಯಲ್ಲಿ ಸುಮಾರು 42 ಗ್ರಾಂ. ಶೇ. 95 ಆರ್ದ್ರತೆಯ ಹೊರಗಾಳಿ ಕಂಪ್ಯೂಟರಿನೊಳಗೆ ನುಗ್ಗಿ 36 ಡಿಗ್ರಿಗೆ ಕಾದರೆ, ಅದೇ ಆವಿ ಇಟ್ಟುಕೊಂಡೇ ಆರ್ದ್ರತೆ ಶೇ. 40ರ ಆಸುಪಾಸಿಗೆ ಬೀಳುತ್ತದೆ. ಓಡುವ ಕಂಪ್ಯೂಟರ್ ತನ್ನ ಒಲೆಯನ್ನು ತಾನೇ ಹೊತ್ತಿಸಿಕೊಂಡಿರುತ್ತದೆ.

ಕೆಡುವುದು ಆರಿಸಿಟ್ಟ ಕಂಪ್ಯೂಟರು. ಅದರಲ್ಲೂ ಆರಿಸಿ ಪ್ಲಗ್ ಕೀಳದೆ ಬಿಟ್ಟದ್ದು. ಪವರ್ ಬಟನ್ ಒತ್ತಿ ಆರಿಸಿದರೂ ಬೋರ್ಡಿನಲ್ಲಿ ಐದು ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ತು ಕಾದುಕೂತಿರುತ್ತದೆ. ಶಾಖವಿಲ್ಲ, ತೇವವಿದೆ, ವೋಲ್ಟಿದೆ. ಬೋರ್ಡಿನ ಮೇಲಿನ ಧೂಳಿನಲ್ಲಿರುವ ಉಪ್ಪಿನಂಶ ಅಡುಗೆಮನೆಯ ಭರಣಿಯಂತೆಯೇ ನೀರು ಹೀರಿ ತೆಳ್ಳನೆಯ ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿ ಲೋಹದ ಅಯಾನುಗಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ತೆವಳಿ, ಜರಿಗಿಡದೆಲೆಯಂಥ ಸಣ್ಣ ಕವಲುಗಳಾಗಿ ಬೆಳೆಯುತ್ತವೆ. ಕವಲು ಆಚೆ ದಡ ಮುಟ್ಟಿದ ದಿನ ಶಾರ್ಟ್. ಐಟಿಎಕ್ಸ್‌ನಲ್ಲಿ ಎಲ್ಲವೂ ಒತ್ತೊತ್ತಾಗಿ ಕೂತಿರುವುದರಿಂದ ಆ ದಡ ಹತ್ತಿರ.

ಗುಡುಗು ಮತ್ತು ಕರೆಂಟು

ಕಾಫಿ ಹೂಮಳೆ ಗುಡುಗು ಸಿಡಿಲಿನೊಂದಿಗೇ ಬರುತ್ತದೆ. ಸಿಡಿಲಿನ ಹೊಡೆತ ಕರೆಂಟಿನ ತಂತಿಯಲ್ಲಷ್ಟೇ ಅಲ್ಲ, ಮಾಡಿನ ಮೇಲಿನ ಇಂಟರ್ನೆಟ್ ಡಿಶ್ಶಿನಿಂದ ಇಳಿದ ತಾಮ್ರದ ಲ್ಯಾನ್ ಕೇಬಲ್ಲಿನಲ್ಲೂ ಬರುತ್ತದೆ. ಫೈಬರ್ ಗಾಜಿನ ಎಳೆ, ವಿದ್ಯುತ್ತು ಹಾಯಿಸದು. ದೊಡ್ಡ ಬೋರ್ಡಿನಲ್ಲಿ ಲ್ಯಾನ್ ಪೋರ್ಟ್ ಸತ್ತರೆ ಇನ್ನೊಂದು ಕಾರ್ಡು ಚುಚ್ಚಬಹುದು. ಐಟಿಎಕ್ಸ್‌ನ ಒಂದೇ ಸ್ಲಾಟನ್ನು ಗ್ರಾಫಿಕ್ಸ್ ಕಾರ್ಡು ಹಿಡಿದಿರುತ್ತದೆ. ಹಾಗಾಗಿ ವೈಫೈ ಬೋರ್ಡಿನಲ್ಲೇ ಇರಲಿ, ಗುಡುಗು ಕೇಳಿದೊಡನೆ ಕೇಬಲ್ ಕೀಳಿ.

ಬಯಾಸ್ ಅಪ್‌ಡೇಟ್ ಆಗುವಾಗ ಕರೆಂಟು ಹೋದರೆ ಬೋರ್ಡಿಗೆ ತನ್ನ ಹೆಸರೇ ಮರೆತಂತಾಗುತ್ತದೆ. ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ, ಪ್ರೊಸೆಸರಿನ ಹಂಗಿಲ್ಲದೆ ಪೆನ್‌ಡ್ರೈವಿನಿಂದಲೇ ಅದನ್ನು ಎಬ್ಬಿಸಬಹುದು. ಮಳೆ ಬಂದೊಡನೆ ಕರೆಂಟು ಹೋಗುವ ಊರಿನಲ್ಲಿ ಬಣ್ಣದ ದೀಪಗಳಿಗಿಂತ ಈ ಬಟನ್ನಿಗೆ ದುಡ್ಡು ಕೊಡುವುದು ಜಾಣತನ.

ಕೊನೆಗೆ ಹುಡುಗ ಆರಿಸಿದ್ದು ಎಎಂ5 ಸಾಕೆಟ್ಟಿನ ಬಿ650 ಐಟಿಎಕ್ಸ್ ಬೋರ್ಡು. 2022ರಲ್ಲಿ ಬಂದ ಈ ಸಾಕೆಟ್ಟಿಗೆ 2027ರವರೆಗಾದರೂ ಬೆಂಬಲ ಇರುತ್ತದೆಂದು ಎ.ಎಂ.ಡಿ. ಹೇಳಿರುವುದರಿಂದ ನಾಳೆ ಪ್ರೊಸೆಸರ್ ಒಂದನ್ನೇ ಬದಲಿಸಬಹುದು. ಬಟನ್ ಇದೆ, ವೈಫೈ ಇದೆ, ಹೀಟ್‌ಸಿಂಕ್ ಗಟ್ಟಿಯಿದೆ. ಪರೀಕ್ಷೆಗೆಂದು ಬೆಂಗಳೂರಿಗೆ ಹೊರಟಾಗ ಅದನ್ನು ಊರಲ್ಲೇ ಬಿಟ್ಟ. ಪ್ಲಗ್ ಕಿತ್ತು, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬದಲ್ಲಿಡು ಎಂದಿದ್ದೆ. ಆತ ಅಮ್ಮನಿಗೆ ಇನ್ನೂ ಸುಲಭದ ಕೆಲಸ ಹೇಳಿಕೊಟ್ಟಿದ್ದ: ದಿನಾ ಸಂಜೆ ಒಂದು ಗಂಟೆ ಆನ್ ಮಾಡಿ, ಆರಿಸಿದ ಮೇಲೆ ಪ್ಲಗ್ ಕೀಳುವುದು. ಅತ್ತಿಗೆ ಈಗ ಅದರಲ್ಲಿ ಧಾರಾವಾಹಿ ನೋಡುತ್ತಾರೆ. ಮೊನ್ನೆ ಹೋದಾಗ ಉಪ್ಪಿನ ಭರಣಿ ಕಂಪ್ಯೂಟರಿನ ನೆತ್ತಿಯ ಮೇಲಿತ್ತು. ಅದನ್ನು ಇಳಿಸಿ, ಬಿಸಿಗಾಳಿ ಹೊರಹೋಗುವ ಪಕ್ಕಕ್ಕಿಟ್ಟು ಬಂದೆ.